ಮೆದೆಗೆ ಬೆಂಕಿ ಇಟ್ಟವರು ಯಾರು?
ಬಿಸಿಯನ್ನೇ ಬಯಸಿ ಬದುಕುವ ಸೂಕ್ಷ್ಮಜೀವಿಗಳ ವಿಚಾರ



ಕಳೆದ ಕಡಲೆಕಾಯಿ ಸುಗ್ಗಿಯಲ್ಲಿ ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಒಂದು ಹಳ್ಳಿಯಲ್ಲಿ ನಡೆದ ಸಂಗತಿಯಿಂದ ಈ ಸಲದ ಕೃಷಿ-ಆರೋಗ್ಯ ಅಂಕಣವನ್ನು ಆರಂಭಿಸುತ್ತೇವೆ. ಊರಿನ ಹೆಸರನ್ನಾಗಲಿ ಮನೆಯವರ ಹೆಸರನ್ನಾಗಲಿ ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತೇ ಇದೆ, ಗೊತ್ತಿಲ್ಲದವರಿಗೆ ಅದು ಬೇಕಾಗಿಲ್ಲ.

ಆ ಮನೆಯವರು ಗಿಡ ಕಿತ್ತು, ಕಾಯಿ ಬಿಡಿಸಿ, ಬಳ್ಳಿಯನ್ನು ಹೊಲದಲ್ಲೇ ಒಣಗಲು ಬಿಟ್ಟಿದ್ದರು. ಎರಡು ದಿನ ಅಕಾಲದ ಮಳೆ ಹೊಡೆಯಿತು. ಮೂರನೆಯ ದಿನ ಬಿಸಿಲು ಬಂತಾದರೂ ಸಂಜೆಗೆ ಮತ್ತೆ ಮೋಡ ಕವಿಯಿತು. ಇದ್ದಬದ್ದ ಮೇವೂ ಕೊಳೆತು ಹೋದೀತೆಂದು ಹೆದರಿ, ಅರೆಬರೆ ಒಣಗಿದ ಬಳ್ಳಿಯನ್ನೇ ಗಾಡಿಗೆ ಹೇರಿ ತಂದು ಕೊಟ್ಟಿಗೆಯ ಪಕ್ಕದಲ್ಲಿ ಮೆದೆ ಒಟ್ಟಿದರು. ಚೆನ್ನಾಗಿ ತುಳಿದು, ಮೇಲೆ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದರು. ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಆ ಮೆದೆ ಹೊತ್ತಿ ಉರಿಯಿತು. ಎರಡು ಎತ್ತು, ಒಂದು ಹಸುವಿನ ವರ್ಷದ ಮೇವು ಬೆಳಗಾಗುವಷ್ಟರಲ್ಲಿ ಬೂದಿಯಾಯಿತು.

ಪಕ್ಕದ ಹೊಲದವರೊಂದಿಗೆ ಅವರಿಗೆ ಬದುವಿನ ವಿಚಾರವಾಗಿ ಹಲವು ವರ್ಷಗಳ ಮನಸ್ತಾಪ. ಹೀಗಾಗಿ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಠಾಣೆಗೆ ಹೋಗಿ ದೂರು ಕೊಡಲು ಮನೆಯ ಹುಡುಗರು ಬೈಕು ತೆಗೆದೂ ಆಗಿತ್ತು. ಮನೆಯ ಹಿರಿಯಮ್ಮ ತಡೆದು ನಮ್ಮನ್ನು ಕರೆಸಿದರು. ನಾವು ಹೋದಾಗ ಅವರು ಕೇಳಿದ ಪ್ರಶ್ನೆ ಇದು: "ಯಾರೂ ಬೆಂಕಿ ಇಕ್ಕದೆ ಮೆದೆ ತಾನಾಗೇ ಉರೀತೈತಾ ಸ್ವಾಮಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಮನಸ್ಸೂ ಆ ಪಕ್ಕದ ಹೊಲದವನ ಕಡೆಗೇ ಓಡಿತ್ತು.

ಇನ್ನೂ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬೆಂಕಿ ಬೀಳುವುದಕ್ಕೆ ಒಂದು ವಾರ ಮೊದಲು, ಭಾನುವಾರದ ಪೂಜೆ ಮುಗಿದ ಮೇಲೆ, ಆ ಮನೆಯ ಯಜಮಾನ ನಮ್ಮ ಬಳಿ ಬಂದು, "ಫಾದರ್, ಮೆದೆಯೊಳಕ್ಕೆ ಕೈ ತೂರಿಸಿದ್ರೆ ಸುಡ್ತೈತೆ. ಬೆಳಗಿನ ಜಾವ ಆವಿ ಏಳ್ತೈತೆ" ಎಂದಿದ್ದ. ನಾವು, "ಒಳ್ಳೇದೇ ಆಯ್ತಲ್ಲಪ್ಪಾ, ಒಳಗಿನ ನೀರೆಲ್ಲ ಆವಿಯಾಗಿ ಹೋಗ್ತಿದೆ" ಎಂದು ಹೇಳಿ ಕಳಿಸಿಬಿಟ್ಟೆವು. ಗುರುಮಠದಲ್ಲಿ ನಾವು ಓದಿದ್ದು ತತ್ವಶಾಸ್ತ್ರ, ದೈವಶಾಸ್ತ್ರ. ಮೆದೆಯ ಶಾಸ್ತ್ರ ಓದಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಗೊತ್ತಿರುವವರ ಹತ್ತಿರ ಕಳಿಸಬೇಕಾಗಿತ್ತು.

ಅಂದು ಜಗಳ ತಪ್ಪಿಸಿದ್ದು ನಮ್ಮ ಉಪದೇಶವಲ್ಲ, ಊರಿನ ಒಬ್ಬ ಮುದುಕ. ಆತ ಕೋಲಿನಿಂದ ಬೂದಿ ಕೆದಕುತ್ತಾ, "ನೋಡ್ರಪ್ಪಾ, ಹೊರಗಿಂದ ಬೆಂಕಿ ಇಕ್ಕಿದ್ರೆ ಅಂಚು ಮೊದಲು ಉರೀಬೇಕಾಗಿತ್ತು. ಇಲ್ಲಿ ಅಂಚಿನಾಗೆ ಇನ್ನೂ ಸುಡದ ಬಳ್ಳಿ ಉಳಿದೈತೆ, ನಡುವೆ ಮಾತ್ರ ಕರ್ರಗೆ ಇದ್ದಿಲಾಗಿ ಗವಿ ಬಿದ್ದೈತೆ. ಇದು ಹೊಟ್ಟೆಯೊಳಗಿಂದ ಉರಿದಿರೋದು" ಎಂದ. ಅಂಚಿಗೆ ಹತ್ತಿದ ಬಳ್ಳಿಯನ್ನು ಕಿತ್ತು ನೋಡಿದೆವು. ಒಳಕ್ಕೆ ಹೋದಂತೆಲ್ಲ ಅದು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು, ಬೀಡಿಯ ವಾಸನೆ ಬರುತ್ತಿತ್ತು.

ಹಾಗಾದರೆ ಹೊಟ್ಟೆಯೊಳಗೆ ಬೆಂಕಿ ಇಟ್ಟವರು ಯಾರು? ಅಂದಿನಿಂದ ಪುಸ್ತಕ ಹುಡುಕಿ, ತಿಳಿದವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತೇವೆ.

ಬಿಸಿಯಲ್ಲೇ ಬಾಳುವ ಜೀವಗಳು

ನಮ್ಮ ದೇಹದ ಬಿಸಿ 37 ಡಿಗ್ರಿ ಸೆಂಟಿಗ್ರೇಡು. ಅದು 41 ದಾಟಿದರೆ ಜೀವಕ್ಕೇ ಅಪಾಯ. ಕೋಳಿಮೊಟ್ಟೆಯ ಬಿಳಿಭಾಗ 60 ಡಿಗ್ರಿ ದಾಟಿದರೆ ಗಟ್ಟಿಯಾಗತೊಡಗುತ್ತದೆ. ಹಾಲು ಕೆಡದಿರಲೆಂದು ಕಾಯಿಸುವುದೂ ಇದೇ ಕಾರಣಕ್ಕೆ; ಬಿಸಿಗೆ ಸೂಕ್ಷ್ಮಜೀವಿಗಳು ಸಾಯುತ್ತವೆ. ಇದು ನಮಗೆಲ್ಲ ಗೊತ್ತಿರುವ ಸಾಮಾನ್ಯ ನಿಯಮ.

ಈ ನಿಯಮಕ್ಕೆ ಸೇರದ ಜೀವಿಗಳೂ ಸೃಷ್ಟಿಯಲ್ಲಿವೆ. ಅವುಗಳಿಗೆ 50, 60, 70 ಡಿಗ್ರಿಯ ಬಿಸಿಯೇ ಹಿತ. ನಮಗೆ ಹಿತವಾದ ತಂಪಿನಲ್ಲಿ ಅವು ಬೆಳೆಯದೆ ಸುಮ್ಮನೆ ಬಿದ್ದಿರುತ್ತವೆ. ಇಂಥವನ್ನು ಉಷ್ಣಪ್ರಿಯ ಸೂಕ್ಷ್ಮಜೀವಿಗಳು ಎನ್ನುತ್ತಾರೆ. 1879ರಲ್ಲಿ ಫ್ರಾನ್ಸಿನ ಪಿಯರ್ ಮಿಕೆಲ್ ಎಂಬ ವಿಜ್ಞಾನಿ ಸೇನ್ ನದಿಯ ನೀರಿನಲ್ಲಿ 70 ಡಿಗ್ರಿಗೂ ಮೇಲ್ಪಟ್ಟ ಬಿಸಿಯಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾವನ್ನು ಕಂಡು ಬರೆದಿಟ್ಟರು.

ಅಮೆರಿಕದ ಯೆಲ್ಲೋಸ್ಟೋನ್ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ ನೆಲದಿಂದ ಕುದಿನೀರು ಚಿಮ್ಮುವ ಬುಗ್ಗೆಗಳಿವೆ. ಅಲ್ಲಿ 1960ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ತಮ್ಮ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಜೊತೆಗೂಡಿ 70 ಡಿಗ್ರಿ ಬಿಸಿಯಲ್ಲಿ ಹುಲುಸಾಗಿ ಬೆಳೆಯುವ ಬ್ಯಾಕ್ಟೀರಿಯಾ ಒಂದನ್ನು ಬೇರ್ಪಡಿಸಿ, 1969ರಲ್ಲಿ ಅದಕ್ಕೆ 'ಥರ್ಮಸ್ ಅಕ್ವಾಟಿಕಸ್' ಎಂದು ಹೆಸರಿಟ್ಟರು. ಮುಂದೆ ಸಮುದ್ರದ ಆಳದಲ್ಲಿ, ನೆಲ ಬಿರಿದು ಕುದಿನೀರು ಉಕ್ಕುವ ಜಾಗಗಳಲ್ಲಿ ಇನ್ನೂ ಗಟ್ಟಿ ಜೀವಿಗಳು ಸಿಕ್ಕವು. ಅಲ್ಲಿ ನೀರಿನ ಒತ್ತಡ ಬಹಳ ಹೆಚ್ಚು. ಆದ್ದರಿಂದ 100 ಡಿಗ್ರಿ ದಾಟಿದರೂ ನೀರು ಆವಿಯಾಗುವುದಿಲ್ಲ. 2003ರಲ್ಲಿ 121 ಡಿಗ್ರಿಯಲ್ಲೂ 2008ರಲ್ಲಿ 122 ಡಿಗ್ರಿಯಲ್ಲೂ ಬೆಳೆಯುವ ಜೀವಿಗಳ ವಿಚಾರ ಪ್ರಕಟವಾಯಿತು. ಆಸ್ಪತ್ರೆಯಲ್ಲಿ ಕತ್ತರಿ, ಚಾಕುಗಳನ್ನು ಶುದ್ಧಮಾಡುವ ಆವಿಪಾತ್ರೆಯ ಬಿಸಿ 121 ಡಿಗ್ರಿ. ನಮಗೆ ರೋಗ ತರುವ ಕ್ರಿಮಿಗಳು ಆ ಬಿಸಿಯಲ್ಲಿ ಉಳಿಯುವುದಿಲ್ಲ. ಆಳಸಮುದ್ರದ ಜೀವಿಗಳಿಗೆ ನಮ್ಮ ಮೈಯಲ್ಲಿ ಬದುಕುವ ಶಕ್ತಿಯೂ ಇಲ್ಲ, ಗರಜೂ ಇಲ್ಲ.

ಇಷ್ಟು ಬಿಸಿಯಲ್ಲಿ ಅವು ಏಕೆ ಬೇಯುವುದಿಲ್ಲ? ಹಿಂದೂಪುರದ ಕಡೆಯವರಿಗೆ ಇದನ್ನು ರೇಷ್ಮೆಗೂಡಿನ ಉದಾಹರಣೆಯಿಂದಲೇ ಹೇಳಬಹುದು. ಗೂಡನ್ನು ಬಿಸಿನೀರಿಗೆ ಹಾಕಿದಾಗ ಅಂಟು ಸಡಿಲವಾಗಿ ಎಳೆ ಬಿಚ್ಚಿಕೊಳ್ಳುತ್ತದೆ. ನಮ್ಮ ದೇಹದ ಪ್ರೋಟೀನುಗಳೂ ಹೀಗೆಯೇ ಸುತ್ತಿಕೊಂಡಿರುವ ಎಳೆಗಳು. ಬಿಸಿ ಹೆಚ್ಚಾದರೆ ಸುತ್ತು ಬಿಚ್ಚಿ ಕೆಲಸಕ್ಕೆ ಬಾರದಂತಾಗುತ್ತವೆ. ಉಷ್ಣಪ್ರಿಯ ಜೀವಿಗಳ ಪ್ರೋಟೀನುಗಳಲ್ಲಿ ಎಳೆಗೆ ಎಳೆ ಬಿಗಿದ ಕಟ್ಟುಗಳು ಹೆಚ್ಚು. ನಮ್ಮದು ಬಿಚ್ಚಿಕೊಳ್ಳುವ ಬಿಸಿಯಲ್ಲಿ ಅವುಗಳ ಸುತ್ತು ಗಟ್ಟಿಯಾಗಿಯೇ ಇರುತ್ತದೆ.

ನಮ್ಮ ದೇಶದಲ್ಲೂ ಬಿಸಿನೀರಿನ ಬುಗ್ಗೆಗಳಿವೆ. ಹಿಮಾಚಲ ಪ್ರದೇಶದ ಮಣಿಕರಣದಲ್ಲಿ ಬುಗ್ಗೆಯ ನೀರಿನಲ್ಲೇ ಅನ್ನ ಬೇಯಿಸುತ್ತಾರೆ. ಲಡಾಖಿನ ಪೂಗಾ ಕಣಿವೆಯಲ್ಲೂ ಅಂಥ ಬುಗ್ಗೆಗಳಿವೆ. ದಕ್ಷಿಣ ಕನ್ನಡದ ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥವೆಂಬ ಬುಗ್ಗೆಯಿದೆ. ಅದರ ನೀರು ಸ್ನಾನಕ್ಕೆ ಹಿತವಾದಷ್ಟು ಬೆಚ್ಚಗಿರುತ್ತದೆ. "ಅದೆಲ್ಲ ದೂರದ ಮಾತು ಫಾದರ್, ನಮ್ಮ ಸೀಮೆಯಲ್ಲಿ ಬೇಸಿಗೆ ಮಧ್ಯಾಹ್ನ ಲೇಪಾಕ್ಷಿಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಂತರೆ ಸುಡುವುದೊಂದೇ ಬಿಸಿ" ಎನ್ನುತ್ತೀರಾ? ಹಾಗಲ್ಲ. ಉಷ್ಣಪ್ರಿಯ ಜೀವಿಗಳು ನಿಮ್ಮ ಮನೆಯ ಹಿತ್ತಲಲ್ಲೇ ಇವೆ, ನಿಮ್ಮ ತಿಪ್ಪೆಯಲ್ಲಿವೆ.

ತಿಪ್ಪೆಯೊಳಗಿನ ಒಲೆ

ನಾವು ತಿಪ್ಪೆ ಎನ್ನುತ್ತೇವೆ, ಪಕ್ಕದ ಮನೆಯ ತೆಲುಗಿನವರು ಪೆಂಟ ಎನ್ನುತ್ತಾರೆ. ಯಾವ ಮಾತಿನಲ್ಲಿ ಕರೆದರೂ ಒಳಗೆ ನಡೆಯುವ ಕೆಲಸ ಒಂದೇ. ಚಳಿಗಾಲದ ಬೆಳಿಗ್ಗೆ ತಿಪ್ಪೆ ಅಗೆದರೆ ಒಳಗಿಂದ ಹಬೆ ಏಳುವುದನ್ನು ಕಾಣದ ರೈತರಿಲ್ಲ. ಆ ಬಿಸಿ ಬಿಸಿಲಿನಿಂದ ಬಂದುದಲ್ಲ. ಉಂಡ ಅನ್ನ ನಮ್ಮ ಮೈಯನ್ನು ಬೆಚ್ಚಗಿಡುವಂತೆಯೇ, ಕಸಕಡ್ಡಿ ತಿಂದು ಉಸಿರಾಡುವ ಕೋಟ್ಯಂತರ ಸೂಕ್ಷ್ಮಜೀವಿಗಳಿಂದ ಹುಟ್ಟಿದ ಬಿಸಿ ಅದು. ರಾಶಿ ದೊಡ್ಡದಿದ್ದರೆ ಅದೇ ಕಂಬಳಿಯ ಹಾಗೆ ಬಿಸಿಯನ್ನು ಹಿಡಿದಿಡುತ್ತದೆ.

ಈ ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲನೆಯ ಹಂತದಲ್ಲಿ, ನಮಗೆ ಹಿತವಾದ ಬಿಸಿಯಲ್ಲೇ ಬದುಕುವ ಸಾಮಾನ್ಯ ಜೀವಿಗಳು ಸಕ್ಕರೆ, ಹಿಟ್ಟಿನಂಥ ಸುಲಭದ ಆಹಾರವನ್ನು ತಿನ್ನುತ್ತವೆ. ಎರಡು ಮೂರು ದಿನಗಳಲ್ಲಿ ರಾಶಿ 45 ಡಿಗ್ರಿ ಮುಟ್ಟುತ್ತದೆ. ತಾವೇ ಹುಟ್ಟಿಸಿದ ಬಿಸಿಗೆ ತಾವೇ ತಾಳಲಾರದೆ ಅವು ಹಿಂದೆ ಸರಿಯುತ್ತವೆ. ಎರಡನೆಯ ಹಂತದಲ್ಲಿ ಉಷ್ಣಪ್ರಿಯ ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಎಚ್ಚೆತ್ತು ಕೆಲಸ ಹಿಡಿಯುತ್ತವೆ. ರಾಶಿಯ ಬಿಸಿ 55ರಿಂದ 65 ಡಿಗ್ರಿಗೆ, ಕೆಲವೊಮ್ಮೆ 70ಕ್ಕೆ ಏರುತ್ತದೆ. ಹುಲ್ಲು, ಕಡ್ಡಿಗಳ ಗಟ್ಟಿ ನಾರನ್ನು ಒಡೆಯುವುದು ಇವುಗಳ ಕೆಲಸ. ಮೂರನೆಯ ಹಂತದಲ್ಲಿ ಆಹಾರ ತೀರಿ ರಾಶಿ ತಣಿಯುತ್ತದೆ. ಸಾಮಾನ್ಯ ಜೀವಿಗಳೂ ಎರೆಹುಳುಗಳೂ ಮರಳಿ ಬಂದು ಗೊಬ್ಬರವನ್ನು ಮಾಗಿಸುತ್ತವೆ.

ನಮ್ಮ ಹತ್ತಿರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಮಹೇಶ್ವರಿ ಎಂಬ ವಿಜ್ಞಾನಿ ಈ ಉಷ್ಣಪ್ರಿಯ ಶಿಲೀಂಧ್ರಗಳ ಅಧ್ಯಯನದಲ್ಲಿ ಬಹುಕಾಲ ತೊಡಗಿದ್ದರು. 2000ದಲ್ಲಿ ಅವರೂ ಅವರ ಸಂಗಡಿಗರೂ ಸೇರಿ ಬರೆದ ವಿಮರ್ಶಾ ಲೇಖನವನ್ನು ಜಗತ್ತಿನ ಬೇರೆ ಬೇರೆ ಕಡೆಯ ಸಂಶೋಧಕರು ಇಂದಿಗೂ ಆಧಾರವಾಗಿ ಬಳಸುತ್ತಾರೆ. ನಾವು ಮೂಗು ಮುಚ್ಚಿಕೊಂಡು ದಾಟಿಹೋಗುವ ತಿಪ್ಪೆಯ ಜೀವಿಗಳನ್ನು ಅವರು ಕುತೂಹಲದಿಂದ ನೋಡಿದರು.

ಮೆದೆ ಉರಿದದ್ದು ಹೇಗೆ?

ತಿಪ್ಪೆಯಲ್ಲಿ ಆಗಬೇಕಾದ ಕೆಲಸ ಮೆದೆಯಲ್ಲಿ ಆದರೆ ಅನಾಹುತ. ಚೆನ್ನಾಗಿ ಒಣಗಿದ ಮೇವಿನಲ್ಲಿ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರಿಲ್ಲ, ಅವು ಸುಮ್ಮನಿರುತ್ತವೆ. ತೇವ ಉಳಿದ ಮೇವನ್ನು ಒತ್ತಿ ಒಟ್ಟಿದರೆ ಅವುಗಳಿಗೆ ಊಟ, ನೀರು, ಕಂಬಳಿ ಮೂರೂ ಒದಗಿದಂತೆ. ಜರ್ಮನಿಯ ಹ್ಯೂಗೊ ಮೀಹೆ ಎಂಬ ವಿಜ್ಞಾನಿ 1907ರಷ್ಟು ಹಿಂದೆಯೇ ಹುಲ್ಲಿನ ಮೆದೆ ತಾನಾಗಿ ಬಿಸಿಯಾಗುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂದು ಪ್ರಯೋಗ ಮಾಡಿ ತೋರಿಸಿದ್ದರು.

ಈ ಜೀವಿಗಳು ಮೆದೆಯನ್ನು ಸುಮಾರು 70 ಡಿಗ್ರಿಯವರೆಗೆ ಬಿಸಿಮಾಡಬಲ್ಲವು. ಅದಕ್ಕೂ ಹೆಚ್ಚಾದರೆ ಅವೂ ಸಾಯುತ್ತವೆ. ಆದರೆ ಅಷ್ಟು ಹೊತ್ತಿಗೆ ಮೇವು ಮತ್ತು ಗಾಳಿಯ ನಡುವೆ ರಾಸಾಯನಿಕ ಕ್ರಿಯೆ ತಾನಾಗಿಯೇ ಆರಂಭವಾಗಿರುತ್ತದೆ. ಬಿಸಿ ಏರಿದಷ್ಟೂ ಆ ಕ್ರಿಯೆ ಚುರುಕಾಗುತ್ತದೆ, ಕ್ರಿಯೆ ಚುರುಕಾದಷ್ಟೂ ಬಿಸಿ ಏರುತ್ತದೆ. ಒಳಗಿನ ಮೇವು ಕಂದಿ ಇದ್ದಿಲಾಗುತ್ತದೆ. ಎಲ್ಲೋ ಒಂದು ಬಿರುಕಿನಿಂದ ಸಾಕಷ್ಟು ಗಾಳಿ ಸಿಕ್ಕ ಕ್ಷಣ ಜ್ವಾಲೆ ಏಳುತ್ತದೆ. ಮೆದೆ ಒಟ್ಟಿದ ಎರಡರಿಂದ ಆರು ವಾರಗಳೊಳಗೆ ಈ ಅಪಾಯ ಹೆಚ್ಚು. ನಮ್ಮ ಹಳ್ಳಿಯ ಮೆದೆ ಉರಿದದ್ದೂ ಮೂರು ವಾರ ಕಳೆದ ಮೇಲೆಯೇ. ಅದಕ್ಕೆ ಕಡ್ಡಿ ಗೀರಿದ ಮನುಷ್ಯನ ಅಗತ್ಯವೇ ಇರಲಿಲ್ಲ.

ಬೂಸ್ಟಿನ ಧೂಳು ಮತ್ತು ಎದೆ

ಮೆದೆ ಉರಿಯದಿದ್ದರೂ ಇನ್ನೊಂದು ಕೇಡು ಉಂಟು. ಬಿಸಿಯಾಗಿ ತಣಿದ ಮೇವಿನಲ್ಲಿ ಬಿಳಿ, ಬೂದು ಬಣ್ಣದ ಬೂಸ್ಟು ಹಿಡಿದಿರುತ್ತದೆ. ಅದರಲ್ಲಿ ಉಷ್ಣಪ್ರಿಯ ಸೂಕ್ಷ್ಮಜೀವಿಗಳ ಬೀಜಕಗಳು ಲೆಕ್ಕವಿಲ್ಲದಷ್ಟು. ಮೇವನ್ನು ಕೊಡವಿದಾಗ ಅವು ಹೊಗೆಯಂತೆ ಎದ್ದು ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕೆಲವರ ದೇಹ ಅದನ್ನು ಶತ್ರುವೆಂದು ತಿಳಿದು ಎದುರು ಬೀಳುತ್ತದೆ, ಎದೆಯಲ್ಲಿ ಉರಿಯೂತವಾಗುತ್ತದೆ. ಇಂಗ್ಲೆಂಡಿನಲ್ಲಿ ಬೂಸ್ಟು ಹುಲ್ಲಿನ ಕೆಲಸ ಮಾಡಿದ ರೈತರಲ್ಲಿ ಈ ಕಾಯಿಲೆಯನ್ನು 1932ರಲ್ಲಿ ಕ್ಯಾಂಪ್‌ಬೆಲ್ ಎಂಬ ವೈದ್ಯರು ಮೊದಲು ವಿವರಿಸಿದರು. 1960ರ ದಶಕದಲ್ಲಿ ಇದಕ್ಕೆ ಮುಖ್ಯ ಕಾರಣ ಬಿಸಿಯಾದ ಹುಲ್ಲಿನ ಉಷ್ಣಪ್ರಿಯ ಜೀವಿಗಳೇ ಎಂದು ಗೊತ್ತಾಯಿತು. ವೈದ್ಯಕೀಯದಲ್ಲಿ ಇದಕ್ಕೆ 'ರೈತನ ಶ್ವಾಸಕೋಶ' ಎಂಬ ಅರ್ಥದ ಹೆಸರೇ ಇದೆ.

ಇದರ ಗುರುತು ಹೀಗೆ. ಬೆಳಿಗ್ಗೆ ಬೂಸ್ಟು ಮೇವು ಕಿತ್ತವನಿಗೆ ನಾಲ್ಕರಿಂದ ಎಂಟು ಗಂಟೆಗಳ ನಂತರ, ಅಂದರೆ ಸಂಜೆಗೆ, ಚಳಿಜ್ವರ, ಒಣಕೆಮ್ಮು, ಮೈಕೈ ನೋವು, ಉಸಿರು ಕಟ್ಟಿದಂತಾಗುವುದು. ಮಲೇರಿಯವೆಂದೋ ಫ್ಲೂ ಎಂದೋ ಮಾತ್ರೆ ನುಂಗಿ ಮಲಗುತ್ತಾನೆ. ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ. ಮತ್ತೆ ಅದೇ ಮೇವು, ಮತ್ತೆ ಅದೇ ಜ್ವರ. ವರ್ಷಗಟ್ಟಲೆ ಹೀಗಾದರೆ ಶ್ವಾಸಕೋಶ ಗಟ್ಟಿಕಟ್ಟಿ, ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುವ ಸ್ಥಿತಿ ಉಂಟಾಗುತ್ತದೆ. ಆಮೇಲೆ ಅದು ಹಿಂದಿನಂತಾಗುವುದಿಲ್ಲ. ಆದ್ದರಿಂದ ವೈದ್ಯರ ಬಳಿ ಹೋದಾಗ "ಬೂಸ್ಟು ಮೇವಿನ ಕೆಲಸ ಮಾಡಿದ ದಿನವೇ ಜ್ವರ ಬರುತ್ತದೆ" ಎಂಬ ಮಾತನ್ನು ತಪ್ಪದೆ ಹೇಳಿ. ಆ ಒಂದು ಮಾತಿನಿಂದ ಕಾಯಿಲೆಯ ಮೂಲ ತಿಳಿಯಬಹುದು.

ಅದೇ ಜೀವಿಗಳಿಂದ ಉಪಕಾರ

ಇಷ್ಟು ಓದಿ ಉಷ್ಣಪ್ರಿಯ ಜೀವಿಗಳೆಂದರೆ ಬರೀ ಕೇಡೆಂದು ತಿಳಿಯಬೇಡಿ. ಇರಬೇಕಾದಲ್ಲಿದ್ದರೆ ಅವುಗಳಂಥ ಆಳು ಸಿಗುವುದಿಲ್ಲ.

ಹಸಿ ಸಗಣಿಯನ್ನು ಹಾಗೆಯೇ ಹೊಲಕ್ಕೆ ಚೆಲ್ಲಿದರೆ ಅದರ ಜೊತೆ ಕಳೆಯ ಬೀಜ, ಗೊಣ್ಣೆಹುಳು, ಜಂತುಹುಳುವಿನ ಮೊಟ್ಟೆ ಎಲ್ಲವೂ ಹೊಲ ಸೇರುತ್ತವೆ. ಗೊಣ್ಣೆಹುಳು ಕಡಲೆಕಾಯಿಯ ಬೇರು ಕಡಿದರೆ ಗಿಡ ನಿಂತಲ್ಲೇ ಒಣಗುವುದನ್ನು ನೀವೇ ಕಂಡಿದ್ದೀರಿ. ಜಂತುಹುಳುವಿನ ಮೊಟ್ಟೆ ಬರಿಗಾಲಿನ, ಬರಿಗೈಯ ಮಕ್ಕಳ ಹೊಟ್ಟೆ ಸೇರುತ್ತದೆ. ಗೊಬ್ಬರದ ರಾಶಿಯ ಎಲ್ಲ ಭಾಗವೂ 55 ಡಿಗ್ರಿಯ ಬಿಸಿಯಲ್ಲಿ ಕೆಲವು ದಿನ ಇದ್ದರೆ ಈ ಮೊಟ್ಟೆಗಳೂ ರೋಗಾಣುಗಳೂ ಬಹುಪಾಲು ಕಳೆಬೀಜಗಳೂ ಸಾಯುತ್ತವೆ. ಈ ಕೆಲಸಕ್ಕೆ ಸೌದೆ ಬೇಡ, ಸೀಮೆಎಣ್ಣೆ ಬೇಡ, ಕೂಲಿಯೂ ಬೇಡ. ಆದರೆ ಧನುರ್ವಾಯುವಿನ ಬೀಜಾಣು ಮಾತ್ರ ಈ ಬಿಸಿಗೆ ಸಾಯುವುದಿಲ್ಲ. ಗೊಬ್ಬರದ ಕೆಲಸದಲ್ಲಿ ಗಾಯವಾದರೆ ಸೋಪು, ನೀರಿನಿಂದ ತೊಳೆದು ಚುಚ್ಚುಮದ್ದು ಹಾಕಿಸಿಕೊಳ್ಳಿ.

ಗೊಬ್ಬರ ಮಾಡುವ ಎರಡು ಹೆಸರಾಂತ ಪದ್ಧತಿಗಳು ನಮ್ಮ ದೇಶದಲ್ಲೇ ರೂಪುಗೊಂಡವು. ಮೊದಲನೆಯದು ಇಂದೋರ್ ಪದ್ಧತಿ. ಆಲ್ಬರ್ಟ್ ಹೊವಾರ್ಡ್ ಎಂಬ ಆಂಗ್ಲ ಕೃಷಿವಿಜ್ಞಾನಿ ಇಂದೋರಿನಲ್ಲಿ 1924ರಿಂದ 1931ರವರೆಗೆ ಇದ್ದು, ಯಶವಂತ ವಾಡ್ ಅವರೊಂದಿಗೆ ಇದನ್ನು ರೂಪಿಸಿದರು. ಇದರಲ್ಲಿ ಕಸ, ಸಗಣಿ, ಮಣ್ಣನ್ನು ಪದರ ಪದರವಾಗಿ ಹಾಕಿ ಆಗಾಗ ಮಗುಚಿ ಗಾಳಿ ಕೊಡುತ್ತಾರೆ. ಬಿಸಿ ಚೆನ್ನಾಗಿ ಏರುತ್ತದೆ, ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಎರಡನೆಯದು ಬೆಂಗಳೂರು ಪದ್ಧತಿ. ಇದನ್ನು 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು ಪಟ್ಟಣದ ಕಸಕ್ಕಾಗಿ ರೂಪಿಸಿದರು. ಗುಂಡಿ ತುಂಬಿ ಕೆಲವು ದಿನ ಬಿಸಿಯೇರಲು ಬಿಟ್ಟು, ಆಮೇಲೆ ಕೆಸರುಮಣ್ಣಿನಿಂದ ಮೆತ್ತಿ ಮುಚ್ಚಿಬಿಡುವುದು. ಮಗುಚುವ ಕೆಲಸವಿಲ್ಲ, ನೀರು ಆರುವುದಿಲ್ಲ. ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು, ಬಿಸಿಯೂ ಬಹಳ ದಿನ ನಿಲ್ಲುವುದಿಲ್ಲ. ಆಳು, ನೀರು ಇದ್ದವರು ಮೊದಲನೆಯದನ್ನೂ ಎರಡಕ್ಕೂ ತತ್ವಾರವಿರುವವರು ಎರಡನೆಯದನ್ನೂ ಮಾಡಬಹುದು.

ಅವಿಭಜಿತ ಅನಂತಪುರ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರು. 2022ರಲ್ಲಿ ಲೇಪಾಕ್ಷಿ, ಹಿಂದೂಪುರಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬದಲಾದರೂ ಮಳೆ ಹೆಚ್ಚಲಿಲ್ಲ. ಬಿದ್ದ ಹನಿಯನ್ನು ಹಿಡಿದಿಡುವ ಶಕ್ತಿ ನಮ್ಮ ಕೆಂಪು ಮರಳುಮಣ್ಣಿಗೆ ಬರಬೇಕಾದರೆ ಚೆನ್ನಾಗಿ ಕಳಿತ ಗೊಬ್ಬರವೇ ದಾರಿ. ಫಲ ಬಿಡದ ಅಂಜೂರದ ಮರವನ್ನು ಕಡಿಯಹೊರಟ ಯಜಮಾನನಿಗೆ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ, ಇನ್ನೊಂದು ವರ್ಷ ನೋಡೋಣ ಎಂದು ಬೇಡಿಕೊಂಡ ಶುಭಸಂದೇಶದ ತೋಟಗಾರನಿಗೂ ಗೊಬ್ಬರದ ಬೆಲೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಅವುಗಳ ಸೇವೆ

2020ರಲ್ಲಿ ಕೊರೋನಾ ಬಂದಾಗ ಮೂಗಿಗೆ ಕಡ್ಡಿ ಹಾಕಿ ಮಾಡಿದ ಆರ್‌ಟಿ-ಪಿಸಿಆರ್ ಪರೀಕ್ಷೆ ನಿಮಗೆ ನೆನಪಿರಬೇಕು. ಅದರ ಹಿಂದೆಯೂ ಉಷ್ಣಪ್ರಿಯ ಜೀವಿ ಇತ್ತು. ರೋಗಾಣುವಿನ ಗುರುತನ್ನು ಹೇಳುವ ಡಿಎನ್‌ಎ ಎಳೆ ಬಹಳ ಸ್ವಲ್ಪ ಇರುತ್ತದೆ. ಕಾಣಿಸಬೇಕಾದರೆ ಅದನ್ನು ನಕಲು ಮಾಡಿ ಹೆಚ್ಚಿಸಬೇಕು. ಅದಕ್ಕಾಗಿ ಜೋಡಿ ಎಳೆಯನ್ನು 95 ಡಿಗ್ರಿಗೆ ಕಾಯಿಸಿ ಬಿಡಿಸುತ್ತಾರೆ, ತಣಿಸಿ ಪ್ರತಿಯೊಂದಕ್ಕೂ ಜೊತೆ ಕಟ್ಟಿಸುತ್ತಾರೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. 30 ಸಲ ಹೀಗೆ ಮಾಡಿದರೆ ಒಂದು ಎಳೆ 107 ಕೋಟಿಯಾಗುತ್ತದೆ. ಅಮೆರಿಕದ ಕ್ಯಾರಿ ಮಲ್ಲಿಸ್ 1983ರಲ್ಲಿ ಈ ಉಪಾಯ ಕಂಡುಹಿಡಿದು, 1993ರಲ್ಲಿ ನೊಬೆಲ್ ಬಹುಮಾನ ಪಡೆದರು.

ಆದರೆ ಎಳೆ ಕಟ್ಟುವ ಸಾಮಾನ್ಯ ಕಿಣ್ವ ಪ್ರತಿ ಸಲವೂ 95 ಡಿಗ್ರಿಯಲ್ಲಿ ಬೆಂದು ಹಾಳಾಗುತ್ತಿತ್ತು, ಪ್ರತಿ ಸಲವೂ ಹೊಸದು ಹಾಕಬೇಕಾಗಿತ್ತು. ಯೆಲ್ಲೋಸ್ಟೋನಿನ ಬುಗ್ಗೆಯಲ್ಲಿ ಬ್ರಾಕ್ ಕಂಡ ಥರ್ಮಸ್ ಅಕ್ವಾಟಿಕಸ್ ಜೀವಿಯ ಕಿಣ್ವ ಬೇಯದೆ ಉಳಿಯುತ್ತದೆ. ಅದನ್ನು ಬಳಸತೊಡಗಿದ ಮೇಲೆಯೇ ಈ ಪರೀಕ್ಷೆ ಸುಲಭವಾಗಿ ಜಗತ್ತಿಗೆಲ್ಲ ಹರಡಿತು. ಇಂದು ಕ್ಷಯರೋಗಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುವ ಟ್ರೂನ್ಯಾಟ್ ಪರೀಕ್ಷೆಯೂ ಇದೇ ಬಗೆಯದು. ಅದನ್ನು ರೂಪಿಸಿದ್ದು ಬೆಂಗಳೂರಿನಲ್ಲಿ.

ಬಿಸಿನೀರ ಬುಗ್ಗೆಯಲ್ಲಿ ಏನು ಬೆಳೆಯುತ್ತದೆ ಎಂದು ನೋಡಹೊರಟ ಆ ವಿಜ್ಞಾನಿಗೆ ಇದೆಲ್ಲ ಆಗುವುದೆಂದು ಅಂದು ಗೊತ್ತಿರಲಿಲ್ಲ. ಎರಡು ವಾರಕ್ಕೂ ಮೀರಿ ಕೆಮ್ಮು ಇದ್ದರೆ ನಾಚಿಕೆ, ಹೆದರಿಕೆ ಬಿಟ್ಟು ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಕೆಮ್ಮು ಕ್ಷಯದ್ದೋ, ಬೂಸ್ಟಿನದೋ, ಬೇರೆ ಯಾವುದೋ ಎಂಬುದನ್ನು ವೈದ್ಯರೇ ಹೇಳಲಿ.

ನೆನಪಿಡಬೇಕಾದವು

1. ಕಡಲೆಬಳ್ಳಿಯಾಗಲಿ ರಾಗಿಹುಲ್ಲಾಗಲಿ ಮುರಿದರೆ ಲಟಕ್ಕೆಂದು ಮುರಿಯುವಷ್ಟು ಒಣಗಿದ ಮೇಲೆಯೇ ಮೆದೆ ಒಟ್ಟಿ. ಮಳೆಗೆ ಹೆದರಿ ತರಲೇಬೇಕಾದರೆ ಸಣ್ಣ ಸಣ್ಣ ಗುಡ್ಡೆ ಮಾಡಿ, ತುಳಿಯಬೇಡಿ, ಬಿಸಿಲು ಬಂದಾಗ ಬಿಚ್ಚಿ ಹರವಿ.

2. ಮೆದೆಯನ್ನು ಮನೆಗೆ, ಕೊಟ್ಟಿಗೆಗೆ ತಗುಲಿಸಿ ಒಟ್ಟಬೇಡಿ. ನೆಲದ ತೇವ ತಾಗದಂತೆ ಅಡಿಯಲ್ಲಿ ಕಲ್ಲು, ಕಟ್ಟಿಗೆ ಹಾಕಿ.

3. ಮೊದಲ ಆರು ವಾರ ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ಉದ್ದನೆಯ ಕಬ್ಬಿಣದ ಸಲಾಕೆಯನ್ನು ಮೆದೆಯ ನಡುವಿಗೆ ತೂರಿಸಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ಹಿಡಿಯಲಾರದಷ್ಟು ಸುಡುತ್ತಿದ್ದರೆ ಅಪಾಯ ಹತ್ತಿರವಿದೆ ಎಂದರ್ಥ. ಬೀಡಿಯ ವಾಸನೆ ಅಥವಾ ಬೆಲ್ಲ ಸೀದ ವಾಸನೆ ಬಂದರೂ ಹಾಗೆಯೇ.

4. ಹಾಗೆ ಬಿಸಿಯಾದ ಮೆದೆಯ ಮೇಲೆ ಹತ್ತಬೇಡಿ, ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕುಸಿದೀತು. ಒಬ್ಬರೇ ಬಿಚ್ಚಲೂ ಬೇಡಿ, ಗಾಳಿ ತಾಗಿದರೆ ಜ್ವಾಲೆ ಏಳುತ್ತದೆ. ಅಗ್ನಿಶಾಮಕ ದಳಕ್ಕೆ 101ಕ್ಕೆ ಫೋನು ಮಾಡಿ, ನೀರು, ಜನ ಸಿದ್ಧಮಾಡಿಕೊಂಡು, ದನಗಳನ್ನು ದೂರ ಕಟ್ಟಿ.

5. ಬೂಸ್ಟು ಮೇವಿನ ಕೆಲಸವನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ನೀರು ಚಿಮುಕಿಸಿ ಮಾಡಿ. ಟವಲು ಸಾಲದು, ಔಷಧಿ ಅಂಗಡಿಯಲ್ಲಿ ಎನ್-95 ಮುಸುಕು ಸಿಗುತ್ತದೆ. ಬೂಸ್ಟು ಹಿಡಿದ ಬಳ್ಳಿಯನ್ನು ದನಕ್ಕೆ ಹಾಕದೆ ತಿಪ್ಪೆಗೆ ಹಾಕಿ. ಕಂದುಬಣ್ಣಕ್ಕೆ ತಿರುಗಿದ ಮೇವನ್ನು ದನ ಇಷ್ಟಪಟ್ಟು ತಿಂದರೂ ಅದರ ಸತ್ವ ಮೈಗೆ ಹತ್ತುವುದಿಲ್ಲ.

6. ಗೊಬ್ಬರದ ರಾಶಿ ಉದ್ದ, ಅಗಲ, ಎತ್ತರ ಮೂರರಲ್ಲೂ ಕನಿಷ್ಠ ಒಂದು ಮೀಟರ್ ಇರಲಿ. ಅದಕ್ಕಿಂತ ಚಿಕ್ಕದಾದರೆ ಬಿಸಿ ನಿಲ್ಲುವುದಿಲ್ಲ. ಒಣಕಸ ಎರಡು ಮೂರು ಪಾಲಿಗೆ ಹಸಿಸಗಣಿ, ಹೊಂಗೆಸೊಪ್ಪು, ರೇಷ್ಮೆಮನೆಯ ಹಸಿ ಕಸ ಒಂದು ಪಾಲು ಹಾಕಿ. ಗಂಜಲವನ್ನು ಹರಿದುಹೋಗಲು ಬಿಡದೆ ಅದರ ಮೇಲೆಯೇ ಸುರಿಯಿರಿ.

7. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಬಿಸಿ ಇಳಿದಾಗ ಮಗುಚಿ, ಹೊರಗಿನದು ಒಳಗೆ, ಒಳಗಿನದು ಹೊರಗೆ ಬರಲಿ. ಮೂರು ಸಲ ಮಗುಚಿದ ಮೇಲೂ ಬಿಸಿ ಏರದೆ, ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧವಾಯಿತೆಂದು ತಿಳಿಯಿರಿ.

ಕೊನೆಯದಾಗಿ

ಮೆದೆ ಕಳೆದುಕೊಂಡ ಮನೆಯವರು ಅಂದು ಠಾಣೆಗೆ ಹೋಗಲಿಲ್ಲ. ಹೋಗಿದ್ದರೆ ಏನೂ ತಪ್ಪು ಮಾಡದ ಒಬ್ಬ ಮನುಷ್ಯ ಕೋರ್ಟು ಕಚೇರಿ ಅಲೆಯಬೇಕಾಗುತ್ತಿತ್ತು, ಎರಡು ಮನೆಗಳ ಮಕ್ಕಳು ಬೆಳೆಯುವಷ್ಟು ಕಾಲ ಆ ಹಗೆಯೂ ಬೆಳೆಯುತ್ತಿತ್ತು. ಸಂಶಯಕ್ಕೆ ಒಳಗಾಗಿದ್ದ ಆ ಪಕ್ಕದ ಹೊಲದವನು ಮರುವಾರ ಯಾರೂ ಕೇಳದೆ ಎರಡು ಗಾಡಿ ರಾಗಿಹುಲ್ಲು ತಂದು ಅವರ ಹಿತ್ತಲಲ್ಲಿ ಇಳಿಸಿ ಹೋದ. ಬದುವಿನ ವ್ಯಾಜ್ಯ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು. ಎತ್ತುಗಳು ಮಾತ್ರ ಬೇಸಿಗೆ ದಾಟಿದವು.

ಆತನ ಬಳಿ ಹೋಗಿ ನಮ್ಮ ಮನಸ್ಸಿನ ಸಂಶಯವನ್ನು ಹೇಳಿ ನಾವೂ ಕ್ಷಮೆ ಕೇಳಿದೆವು. ಆತ ನಕ್ಕು, "ಮೆದೆ ಒಟ್ಟೋವಾಗ್ಲೇ ನೋಡಿದ್ದೆ ಸ್ವಾಮಿ, ಬಳ್ಳಿ ಹಸಿ ಇತ್ತು. ಹೇಳೋಣಾಂದ್ರೆ ಮಾತಿಲ್ವಲ್ಲ" ಎಂದ.

ಬಾಂಧವರೇ, ಈ ಮಾತು ನಮ್ಮನ್ನು ಇಂದಿಗೂ ಕಾಡುತ್ತದೆ. ಮಾತು ಇದ್ದಿದ್ದರೆ ಮೆದೆ ಉಳಿಯುತ್ತಿತ್ತು. ಈ ಸುಗ್ಗಿಯಲ್ಲಿ ಪಕ್ಕದವರ ಮೆದೆ ಹಬೆಯಾಡುವುದು ಕಂಡರೆ, ಮಾತು ಬಿಟ್ಟಿದ್ದರೂ ಸರಿ, ಹೋಗಿ ಒಂದು ಮಾತು ಹೇಳಿ. ನಿಮ್ಮ ಮೆದೆ ಬಿಸಿಯಾಗಿದೆ ಎಂದು ಯಾರಾದರೂ ಬಂದು ಹೇಳಿದರೆ, ನಮ್ಮ ಹಾಗೆ ಒಳ್ಳೇದೇ ಆಯ್ತು ಎನ್ನದೆ ಸಲಾಕೆ ಹಿಡಿದು ಹೊರಡಿ.